ಹೆಣದ ಬಂಡಿಯಲ್ಲಿ ಕೂತ ಆಟಗಾರ

ಆ ಭಾನುವಾರದ ರಾದ್ಧಾಂತಕ್ಕೆಲ್ಲ ಮೂಲ ಎಮಿಲ್ ಕ್ರುಪ್ಕಾನ ಮೂಗು. ಹಿಂದಿನ ವಾರದ ಆಟದಲ್ಲಿ ಅದನ್ನು ತುಳಿದವನು ಎದುರಾಳಿಯಾಗಿದ್ದರೆ ಹೇಳಿಕೊಳ್ಳಲು ಒಂದು ಮರ್ಯಾದೆಯಾದರೂ ಇರುತ್ತಿತ್ತು. ತುಳಿದವನು ನಮ್ಮ ತಂಡದವನೇ. ಮೂಗು ಊದಿ ಬದನೆಕಾಯಿಯಾಗಿತ್ತು. ಅವನ ಹೆಂಡತಿ ಲಿಡಾ ಹಳೆಯ ದಿಂಬಿನ ಚೀಲ ಹರಿದು ಕಟ್ಟಿದ್ದ ಪಟ್ಟಿಯೊಳಗಿಂದ ಎರಡು ಕಣ್ಣು, ಒಂದು ಬಾಯಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ನಮ್ಮ ಊರು ಟ್ಯಾನರ್ಸ್ ಫೋರ್ಕಿನ ಇಟ್ಟಿಗೆ ಕಾರ್ಖಾನೆಯ ಫುಟ್‌ಬಾಲ್ ತಂಡ ಆ ವರ್ಷ ಸೆಪ್ಟೆಂಬರಿನಿಂದ ಸೋಲುತ್ತಲೇ ಬಂದಿತ್ತು. ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ಎದುರಾಳಿಯ ತುದಿಗೆರೆ ದಾಟಬೇಕಾದ ಆಟ ಅದು. ನಮ್ಮವರು ಒಂದು ಸಲವೂ ದಾಟಿರಲಿಲ್ಲ. ಪಾದ್ರಿಗಳು ಮೊದಮೊದಲು ತಂಡದ ಗೆಲುವಿಗಾಗಿ ಪ್ರಾರ್ಥಿಸಿದರು, ಅಕ್ಟೋಬರಿನಲ್ಲಿ ಆಟ ನಿಲ್ಲುವಷ್ಟು ಮಳೆಗಾಗಿ ಪ್ರಾರ್ಥಿಸಿದರು, ಆಮೇಲೆ ಆ ವಿಷಯವನ್ನೇ ದೇವರ ಮುಂದೆ ಎತ್ತಲಿಲ್ಲ. ತಂಡವನ್ನು ನೋಡಿಕೊಳ್ಳುತ್ತಿದ್ದವನು ಪ್ರೂಯಿಟ್. ಹೆಣಕ್ಕೆ ಪೆಟ್ಟಿಗೆ ಮಾಡಿ, ಮುಖಕ್ಕೆ ಬಣ್ಣ ಹಚ್ಚಿ, ಮಣ್ಣಿಗೆ ಕಳಿಸುವುದು ಅವನ ಕಸುಬು. ತಕ್ಕ ಕೈಗೇ ತಂಡ ಸಿಕ್ಕಿದೆ ಎಂದು ಜನ ಆಡಿಕೊಳ್ಳುತ್ತಿದ್ದರು.

ನಗುವುದು ಸುಲಭ. ಎಮಿಲ್‌ನ ಹೊಟ್ಟೆಗೆ ಅದು ನಗುವ ವಿಷಯವಾಗಿರಲಿಲ್ಲ. ಚಳಿ ಬಂತೆಂದರೆ ಜೇಡಿಮಣ್ಣು ಕಲ್ಲಾಗುತ್ತದೆ, ಇಟ್ಟಿಗೆ ಕೆಲಸ ನಿಲ್ಲುತ್ತದೆ, ಕೂಲಿಯವರೆಲ್ಲ ವಸಂತದವರೆಗೆ ಮನೆಯಲ್ಲಿ ಕೂರುತ್ತಾರೆ. ಫುಟ್‌ಬಾಲ್ ಆಡುವವರಿಗೆ ಮಾತ್ರ ಕಾರ್ಖಾನೆಯ ಧಣಿ ಹ್ಯಾಸ್ಕೆಟ್ ಏನಾದರೊಂದು ಕೆಲಸ ಕೊಟ್ಟು ಚಳಿಗಾಲ ದಾಟಿಸುತ್ತಿದ್ದ. ಈ ಸಲ ಅವನಿಗೂ ಸಾಕಾಗಿತ್ತು. ಓಕ್‌ಡೇಲ್ ಊರಿನ ಮೇಲಿನ ಕೊನೆಯ ಆಟ ಗೆದ್ದರೆ ಆಡಿ ಗೆಲ್ಲಿಸಿದವರಿಗೆ ಕೆಲಸ, ಸೋತರೆ ಯಾರಿಗೂ ಇಲ್ಲ ಎಂದು ಹೇಳಿಬಿಟ್ಟಿದ್ದ. ಎಮಿಲ್‌ಗೆ ಎರಡು ಸಣ್ಣ ಮಕ್ಕಳು, ಮೂರನೆಯದು ಲಿಡಾಳ ಹೊಟ್ಟೆಯಲ್ಲಿ. ಹೋದ ಚಳಿಗಾಲ ಕೆಲಸವಿಲ್ಲದ ಒಂದು ಸಂಸಾರ ಕುರ್ಚಿ, ಮೇಜು, ಕೊನೆಗೆ ತೊಟ್ಟಿಲನ್ನೂ ಒಡೆದು ಒಲೆಗೆ ಹಾಕಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಭಾನುವಾರ ಬೆಳಿಗ್ಗೆ ಚರ್ಚಿನಿಂದ ಹೊರಬರುವಷ್ಟರಲ್ಲಿ ಊರೆಲ್ಲ ಅವನ ಮೂಗಿನ ಮೇಲೆ ಬಿತ್ತು. ಕ್ಷೌರದ ಫಿನಿಯನ್ ಜಿಗಣೆ ಹಚ್ಚಿಸು ಎಂದ. ಇನ್ನೊಬ್ಬ ಮೂಗನ್ನೇ ಕೊಯ್ಸಿಬಿಡು, ಹಗುರವಾಗಿ ಓಡಬಹುದು ಎಂದ. ಪಕ್ಕದ ಮನೆಯ ಗೋರ್ಮನ್ ಮುದುಕಿ ಬಾಯಿಮಾತಿಗೆ ನಿಲ್ಲುವ ಪೈಕಿಯಲ್ಲ. ಅವನನ್ನು ಚರ್ಚಿನ ಮೆಟ್ಟಿಲ ಮೇಲೇ ಕೂರಿಸಿ, ಪಟ್ಟಿಯ ಸಂದಿನಲ್ಲಿ ಬೆರಳು ತೂರಿಸಿ ಬಾತುಕೋಳಿಯ ಕೊಬ್ಬು ಸವರಿದಳು. "ನನ್ ಯಜಮಾನ್ರು ಸಾಯೋವರೆಗೂ ಇದನ್ನೇ ಹಚ್ಕೋತಿದ್ರು ಕಣೋ," ಎಂದಳು. ಅವರು ಹೇಗೆ ಸತ್ತರು ಎಂದು ಕೇಳುವ ಧೈರ್ಯ ಎಮಿಲ್‌ಗಾಗಲಿಲ್ಲ.

ಅಷ್ಟರಲ್ಲಿ ಪ್ರೂಯಿಟ್ ಬಂದು ತೋಳು ಹಿಡಿದು ಚರ್ಚಿನ ಹಿಂದಕ್ಕೆ ಎಳೆದೊಯ್ದ. ಹೊರಗಿನ ಆಟಗಾರರನ್ನು ತರಬಾರದು ಎಂದು ಎರಡೂ ಊರಿನ ನಡುವೆ ಒಪ್ಪಂದವಿತ್ತು. ಹೋದ ವರ್ಷ ಇದೇ ವಿಷಯಕ್ಕೆ ತಲೆಗಳು ಒಡೆದಿದ್ದವು. ಆದರೂ ಪ್ರೂಯಿಟ್ ಕಾಲೇಜಿನ ಒಬ್ಬ ಹುಡುಗನನ್ನು ಗುಟ್ಟಾಗಿ ಗೊತ್ತುಮಾಡಿದ್ದ. ಹೆಸರು ಸ್ಮಿತ್ ಅಂತೆ. ಭಾನುವಾರ ಕಾಲೇಜಿಗೆ ಗೊತ್ತಾಗದಂತೆ ದುಡ್ಡಿಗೆ ಕದ್ದು ಆಡುವ ಹುಡುಗರೆಲ್ಲರ ಹೆಸರೂ ಸ್ಮಿತ್ತೇ.

"ನಿನ್ನಷ್ಟೇ ಎತ್ತರ, ನಿನ್ನಷ್ಟೇ ಗಾತ್ರ," ಎಂದ ಪ್ರೂಯಿಟ್, ಪೆಟ್ಟಿಗೆಗೆ ಅಳತೆ ತೆಗೆಯುವವನಂತೆ ನೋಡುತ್ತಾ. "ನಿನ್ ಥರಾನೇ ಪಟ್ಟಿ ಕಟ್ಟಿ ನಿನ್ ಹೆಸರಲ್ಲಿ ಇಳಿಸ್ತೀನಿ. ಮೂಗು ನೋವು ಅಂತ ಬಾಯೇ ಬಿಡಲ್ಲ ಅವನು. ನೀನು ನನ್ ಹೆಣದ ಬಂಡಿ ಒಳಗೆ ಕೂತಿರು. ಆಟ ಮುಗಿದ ಮೇಲೆ ಮೈಗೆ ಕೆಸರು ಬಳ್ಕೊಂಡು ಈಚೆ ಬಾ. ಧಣಿಗೆ ಗೊತ್ತು, ನನಗೆ ಗೊತ್ತು, ನಿನಗೆ ಗೊತ್ತು, ಅಷ್ಟೇ."

ತನ್ನ ಕೆಲಸದ ಗತಿ ಏನು ಎಂದು ಎಮಿಲ್ ಕೇಳಿದ. ಗೆದ್ದರೆ ಎಮಿಲ್ ಕ್ರುಪ್ಕಾನ ಕೆಲಸ ಭದ್ರ ಎಂದು ಪ್ರೂಯಿಟ್ ಎದೆ ಮುಟ್ಟಿಕೊಂಡು ಹೇಳಿದ.

ಹೀಗೆ ಮಧ್ಯಾಹ್ನ ಎಮಿಲ್ ಹೆಣದ ಬಂಡಿಯೊಳಗೆ, ಖಾಲಿ ಪೆಟ್ಟಿಗೆಯ ಮೇಲೆ ಕೂತು ಕಪ್ಪು ಪರದೆಯ ಸಂದಿನಿಂದ ತನ್ನ ಆಟವನ್ನು ತಾನೇ ನೋಡಿದ. ಹೊರಗೆ ಹಿಮ ಬೆರೆತ ಮಳೆ. ಮೈದಾನ ಕೊಚ್ಚೆ. ಬಂಡಿ ನಿಂತಿದ್ದು ಸ್ಮಶಾನದ ಗೋಡೆಯ ಪಕ್ಕ, ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಹುಡುಗ ಎಂಥ ಓಟ ಓಡಿದ! ಓಕ್‌ಡೇಲಿನವರು ಅವನ ನೆರಳನ್ನು ಹಿಡಿದು ಹಿಡಿದು ಕೆಸರಿಗೆ ಬಿದ್ದರು. ಆದರೆ ಉಳಿದ ಹತ್ತು ಜನ ನಮ್ಮವರೇ ತಾನೇ? ಅವನು ಓಡಿ ಗಳಿಸಿದ ದೂರವನ್ನೆಲ್ಲ ಅವರು ಕಳೆದರು. ಜನಕ್ಕೆ ಮಾತ್ರ ಎಮಿಲ್ ಕ್ರುಪ್ಕಾನ ಹೊಸ ಅವತಾರ ನೋಡಿ ಹುಚ್ಚು ಹಿಡಿದಿತ್ತು. ಎಲ್ಲ ಬಾತುಕೋಳಿ ಕೊಬ್ಬಿನ ಮಹಿಮೆ ಎಂದು ಗೋರ್ಮನ್ ಮುದುಕಿ ಕೂಗಿ ಹೇಳುತ್ತಿದ್ದಳು. ತನ್ನ ಹೆಸರಿಗೆ ಚಪ್ಪಾಳೆ ಬಿದ್ದಾಗ ಎಮಿಲ್‌ಗೆ ಮೊದಲು ಖುಷಿಯಾಯಿತು, ಆಮೇಲೆ ಹೊಟ್ಟೆ ಉರಿಯಿತು.

ಅರ್ಧ ಆಟ ಮುಗಿದಾಗ ಯಾರಿಗೂ ಅಂಕವಿರಲಿಲ್ಲ. ಹುಡುಗ ದಣಿವಾರಿಸಿಕೊಳ್ಳುವ ನೆಪದಲ್ಲಿ ಬಂದು ಬಂಡಿಯೊಳಕ್ಕೆ ನುಗ್ಗಿದ.

"ಅಣ್ಣ, ನಮ್ ಕಾಲೇಜಿನ ತರಬೇತಿ ಮಾಸ್ತರು ಬಂದಿದಾರೆ. ಮೈದಾನದ ಹಗ್ಗದ ಹತ್ರ ಪೈಪ್ ಸೇದ್ಕೊಂಡು ನನ್ನನ್ನೇ ನೋಡ್ತಿದಾರೆ," ಎಂದ. "ನಾನು ಅಂತ ಗೊತ್ತಾದ್ರೆ ನಾಳೆ ಬೆಳಿಗ್ಗೇನೇ ಕಾಲೇಜಿಂದ ಓಡಿಸ್ತಾರೆ. ನೀವೇ ಆಡಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ."

ಎಮಿಲ್ ಬಾಯಿ ತೆರೆಯುವ ಮೊದಲೇ ಅಂಗಿ, ಚರ್ಮದ ಟೋಪಿ ಅವನ ಮಡಿಲಲ್ಲಿದ್ದವು. ಹುಡುಗ ಮುಖದ ಪಟ್ಟಿ ಕಿತ್ತೆಸೆದು, ಗೋಡೆ ಹಾರಿ, ಗೋರಿಗಳ ನಡುವೆ ಬಗ್ಗಿ ಓಡಿ ಮಾಯವಾದ. ಪ್ರೂಯಿಟ್‌ಗೆ ಹೇಳೋಣವೆಂದರೆ ಅವನು ಮೈದಾನದ ಆಚೆ ತುದಿಯಲ್ಲಿದ್ದ. ಪೀಪಿ ಊದಿದರು. ಎಮಿಲ್ ಶಿಲುಬೆಯ ಗುರುತು ಹಾಕಿಕೊಂಡು ಇಳಿದ.

ಮುಂದಿನದನ್ನು ಹೇಳಲು ನನಗೇ ಸಂಕಟ. ಅವನು ಬಿದ್ದ, ಎದ್ದ, ಮತ್ತೆ ಬಿದ್ದ. ಅವನ ಮೇಲೆ ಓಕ್‌ಡೇಲಿನವರು ಬಿದ್ದರು, ಅವರ ಮೇಲೆ ನಮ್ಮವರು ಬಿದ್ದರು. ಮುಂದಿನ ಎರಡು ಹಲ್ಲು ಕೆಸರಲ್ಲಿ ಹೋದವು. ಕೊಬ್ಬಿನ ಶಕ್ತಿ ಇಳಿಯುತ್ತಿದೆ ಎಂದು ಗೋರ್ಮನ್ ಮುದುಕಿ ಡಬ್ಬಿ ಹಿಡಿದು ಮೈದಾನಕ್ಕೇ ನುಗ್ಗಲು ನೋಡಿದಳು, ನಾಲ್ಕು ಜನ ಹಿಡಿದುಕೊಂಡರು. ಹ್ಯಾಸ್ಕೆಟ್ ಧಣಿ ಗಡಿಯಾರ ನೋಡಿಕೊಳ್ಳುತ್ತಿದ್ದ. ಎಮಿಲ್‌ಗೆ ಅದು ಕಾಣುತ್ತಿತ್ತು. ಒಡೆದ ತೊಟ್ಟಿಲೂ ಕಣ್ಣಮುಂದೆ ಬರುತ್ತಿತ್ತು.

ಕೊನೆಯ ಗಳಿಗೆಯಲ್ಲಿ ಓಕ್‌ಡೇಲಿನವರು ತಮ್ಮದೇ ತುದಿಗೆರೆಯ ಹತ್ತಿರ ಸಿಕ್ಕಿಕೊಂಡರು. ಚೆಂಡನ್ನು ದೂರಕ್ಕೆ ಒದೆದು ಪಾರಾಗೋಣವೆಂದು ಅವರ ದಾಂಡಿಗನೊಬ್ಬ ಕಾಲು ಬೀಸಿದ. ಎಮಿಲ್ ಅವನನ್ನು ತಡೆಯಲು ಓಡಿದನೋ, ಜಾರಿದನೋ, ಅವನಿಗೇ ಗೊತ್ತಿಲ್ಲ. ಚೆಂಡು ನೇರ ಬಂದು ಅದೇ ಮೂಗಿಗೆ ಬಡಿದು, ಅವರ ಗೆರೆಯಾಚೆ ಪುಟಿಯಿತು. ಎಮಿಲ್ ನೋವಿನಲ್ಲಿ ಕುರುಡನಾಗಿ ನಾಲ್ಕು ಹೆಜ್ಜೆ ತಟ್ಟಾಡಿ ಕವುಚಿ ಬಿದ್ದ. ಎಬ್ಬಿಸಿ ನೋಡಿದರೆ ಹೊಟ್ಟೆಯ ಕೆಳಗೆ ಚೆಂಡಿತ್ತು. ಗೆರೆಯಾಚೆ ಚೆಂಡಿನ ಮೇಲೆ ಬಿದ್ದರೂ ಆ ಆಟದಲ್ಲಿ ದಾಟಿದ ಲೆಕ್ಕವೇ. ಆ ವರ್ಷದ ಮೊದಲ ಅಂಕಗಳು, ಮೊದಲ ಗೆಲುವು.

ಜನ ಅವನನ್ನು ಮುತ್ತುವ ಮೊದಲೇ ಪ್ರೂಯಿಟ್ ಬಂದು, ಗಾಳಿ ಬೇಕು ಎಂದು ಕೂಗುತ್ತಾ ಅವನನ್ನು ಬಂಡಿಯೊಳಕ್ಕೆ ನೂಕಿ ಬಾಗಿಲು ಹಾಕಿದ. ಸ್ವಲ್ಪ ಹೊತ್ತಿಗೆ ಧಣಿಯನ್ನು ಕರೆದುಕೊಂಡು ಬಂದು ತೆರೆದ. ಎಮಿಲ್ ಪಟ್ಟಿ ಬಿಚ್ಚಿ, ಮೂಗು ಹಿಡಿದುಕೊಂಡು ಪೆಟ್ಟಿಗೆಯ ಮೇಲೆ ಕೂತಿದ್ದ.

"ಹುಡುಗ ಎಲ್ಲಿ? ಆಗಲೇ ಹೋದ್ನಾ? ಕೈಕುಲುಕೋಣ ಅಂತಿದ್ದೆ," ಎಂದ ಧಣಿ.

ಯಾರಿಗೂ ಹೇಳಬೇಡಿ ಎಂದು ಹುಡುಗ ಬೇಡಿಕೊಂಡದ್ದು ಎಮಿಲ್‌ಗೆ ನೆನಪಿತ್ತು. ಲಿಡಾಳ ಹೊಟ್ಟೆಯಲ್ಲಿದ್ದ ಕೂಸೂ ನೆನಪಿತ್ತು. ಹುಡುಗ ಅರ್ಧದಲ್ಲೇ ಓಡಿಹೋದ, ಆಮೇಲೆ ಆಡಿದ್ದು, ಗೆಲ್ಲಿಸಿದ್ದು ತಾನೇ ಎಂದು ತೊದಲುತ್ತಾ ಹೇಳಿದ.

ಧಣಿ ಬಿದ್ದು ಬಿದ್ದು ನಕ್ಕ. ಎಮಿಲ್ ಮೈಮೇಲಿನ ಕೆಸರು ತೋರಿಸಿದ. ಕೆಸರು ಬಳಿದುಕೋ ಎಂದು ಮೊದಲೇ ಹೇಳಿತ್ತಲ್ಲ ಎಂದ ಧಣಿ. ಎಮಿಲ್ ಮೂಗು ತೋರಿಸಿದ. ಅದು ಹೋದ ವಾರದ್ದು. ಕೊನೆಗೆ ಬಾಯಿ ತೆರೆದು ಹಲ್ಲಿಲ್ಲದ ಜಾಗ ತೋರಿಸಿದ. ಧಣಿ ಬಗ್ಗಿ ನೋಡಿ ಪ್ರೂಯಿಟ್‌ನ ಬೆನ್ನು ತಟ್ಟಿದ. "ಹಲ್ಲಿಗೂ ಮಸಿ ಹಚ್ಚಿದೀಯಾ? ರಕ್ತದ ಬಣ್ಣಾನೂ ಚೆನ್ನಾಗಿದೆ. ಹೆಣಾನ ಎಬ್ಬಿಸಿ ಕೂರಿಸೋ ಕೈ ಕಣಯ್ಯ ನಿಂದು."

ಮಾಡದ ಕೆಲಸಕ್ಕೆ ಬಂದ ಹೊಗಳಿಕೆಯನ್ನು ಬೇಡ ಎನ್ನುವ ಅಭ್ಯಾಸ ಪ್ರೂಯಿಟ್‌ಗೆ ಇರಲಿಲ್ಲ. ತಲೆ ತಗ್ಗಿಸಿ ನಕ್ಕ.

"ಕೇಳು ಎಮಿಲ್," ಎಂದ ಧಣಿ, ಮಗುವಿಗೆ ಬುದ್ಧಿ ಹೇಳುವಂತೆ. "ಆಡಿ ಗೆಲ್ಲಿಸಿದೋರಿಗೆ ಕೆಲಸ ಅಂದಿದ್ದೆ, ನನ್ ಮಾತು ಅಂದ್ರೆ ಮಾತು. ಎಮಿಲ್ ಕ್ರುಪ್ಕಾ ಅನ್ನೋ ಹೆಸರಲ್ಲಿ ಚಳಿಗಾಲ ಪೂರ್ತಿ ಕೂಲಿ ನಡೆಯುತ್ತೆ. ಅದನ್ನ ಆ ಹುಡುಗನಿಗೆ ಕಳಿಸ್ತೀನಿ. ಇಲ್ದಿದ್ರೆ ಮುಂದಿನ ವರ್ಷ ಬೇರೆ ಊರಿನೋರು ಅವನನ್ನ ಎಳ್ಕೊಂಡು ಹೋಗ್ತಾರೆ. ನಿನಗೂ ಕೊಡೋಣ ಅಂದ್ರೆ, ಒಂದೇ ಹೆಸರಿಗೆ ಎರಡು ಕೂಲಿ ಹೇಗಪ್ಪ ಕೊಡಲಿ?"

ಹುಡುಗನ ವಿಳಾಸ ತನ್ನ ಹತ್ತಿರ ಇದೆ ಎಂದು ಪ್ರೂಯಿಟ್ ಹೇಳಿದ. ಊರವರಿಗೆ ಒಂದು ಮಾತು ಬಿಟ್ಟರೂ ಗೆಲುವೇ ರದ್ದಾಗುತ್ತದೆ, ಉಳಿದ ಹತ್ತು ಸಂಸಾರದ ಅನ್ನವೂ ಹೋಗುತ್ತದೆ ಎಂದು ಸೇರಿಸಿದ. ಎಮಿಲ್ ಟೋಪಿ ಎತ್ತಿಕೊಂಡು ಬಂಡಿಯಿಂದ ಇಳಿದ.

ಹೊರಗೆ ಬರುತ್ತಿದ್ದಂತೆ ಜನ ಅವನನ್ನು ಹೆಗಲ ಮೇಲೆ ಹೊತ್ತರು. ಮೆರವಣಿಗೆ ಊರೆಲ್ಲ ಸುತ್ತಿತು. ಫಿನಿಯನ್ ಇನ್ನು ಮುಂದೆ ಅವನಿಗೆ ಪುಕ್ಕಟೆ ಕ್ಷೌರ ಎಂದು ಸಾರಿದ. ಗೋರ್ಮನ್ ಮುದುಕಿ ಡಬ್ಬಿ ಎತ್ತಿ ಹಿಡಿದು ಮುಂದೆ ಮುಂದೆ ನಡೆದಳು. ಅವನನ್ನು ಮನೆಯ ಬಾಗಿಲಲ್ಲಿ ಇಳಿಸಿ, ಮೂರು ಸಲ ಹೆಸರು ಕೂಗಿ ಜೈಕಾರ ಹಾಕಿ ಹೋದರು.

ಲಿಡಾ ಹೊಸ್ತಿಲಲ್ಲಿ ನಿಂತಿದ್ದಳು. ಮೂಗು ನೋಡಲಿಲ್ಲ, ಹಲ್ಲೂ ನೋಡಲಿಲ್ಲ. ಬೆಳಗಿನಿಂದ ಅವಳ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ.

"ಕೆಲಸ ಉಳೀತೇನ್ರೀ?"

ಎಮಿಲ್ ಬಾಗಿಲಿನ ಚೌಕಟ್ಟು ಹಿಡಿದುಕೊಂಡ.

"ಎಮಿಲ್ ಕ್ರುಪ್ಕಾಂದು ಉಳೀತು," ಎಂದ.

ಲಿಡಾ ಸೊಂಟಕ್ಕೆ ಕಟ್ಟಿದ್ದ ಮುಂಬಟ್ಟೆಯನ್ನು ಸೆರಗಿನಂತೆ ಎತ್ತಿ ಮುಖ ಮುಚ್ಚಿಕೊಂಡು, ದೇವರು ದೊಡ್ಡವನು ಎಂದು ಅತ್ತಳು. ಆಮೇಲೆ ಒಳಗೆ ಹೋಗಿ, ವಾರದಿಂದ ಎಣಿಸಿ ಎಣಿಸಿ ಹಾಕುತ್ತಿದ್ದ ಕಲ್ಲಿದ್ದಲನ್ನು ಬುಟ್ಟಿ ತುಂಬ ಒಲೆಗೆ ಸುರಿದಳು.