ಅಪ್ಪ ಮೇಲೆ ಹೋದರು

ಮೊದಲೆಲ್ಲ ನಾನು ಸೀನಿದರೆ ಅಮ್ಮ "ಚಿರಂಜೀವಿ" ಎನ್ನುತ್ತಿದ್ದಳು. ಕರೋನಾ ಬಂದ ವರ್ಷದ ಯುಗಾದಿಯ ಮಧ್ಯಾಹ್ನ, ಎಲೆಯ ಮೇಲೆ ಹೋಳಿಗೆ ಬಿದ್ದು, ಹೋಳಿಗೆಯ ಮೇಲೆ ತುಪ್ಪ ಬೀಳಬೇಕಾದ ಶುಭಮುಹೂರ್ತದಲ್ಲಿ ನಾನು ಸೀನಿದಾಗ ಮಾತ್ರ ಯಾರೂ ಏನೂ ಅನ್ನಲಿಲ್ಲ. ಹೆಂಡತಿ ಸೌಜನ್ಯಾ ತುಪ್ಪದ ಮಿಳ್ಳೆಯನ್ನು ಹಿಂದಕ್ಕೆ ಎಳೆದುಕೊಂಡಳು. ಮಗಳು ಚೈತ್ರಾ ಎಲೆಯ ಸಮೇತ ಗೋಡೆಯವರೆಗೆ ಸರಿದಳು. ಅಮ್ಮ ಆಶೀರ್ವಾದಕ್ಕೆಂದು ಬಾಯಿ ತೆರೆದಳು. ಸೌಜನ್ಯಾ ಅವಳತ್ತ ನೋಡಿದ ರೀತಿಗೆ ಅದು ಗಂಟಲಲ್ಲೇ ಉಳಿಯಿತು. (ನನ್ನ ಹೆಂಡತಿಗೆ ಆ ಹೆಸರಿಟ್ಟವರು ಜಾತಕ ನೋಡದೆ ಇಟ್ಟಿರಬೇಕು.)

"ಹೊಸನಗರದ ಮದ್ವೇಲಿ ನೀವು ಯಾರನ್ನ ತಬ್ಕೊಂಡಿದ್ರಿ?" ಎಂದು ಶುರುವಾಯಿತು ವಿಚಾರಣೆ.

"ನಾನೆಲ್ಲಿ ತಬ್ಕೊಂಡೆ? ಅಂವನೇ ಬಂದು ತಬ್ಕೊಂಡಿದ್ದು. ನನ್ನ ಕ್ಲಾಸ್‌ಮೇಟು."

"ಎಲ್ಲಿಂದ ಬಂದಿದ್ದ ಆ ಕ್ಲಾಸ್‌ಮೇಟು?"

ನಾನು ಹೋಳಿಗೆಯನ್ನು ನೋಡುತ್ತ, ಆದಷ್ಟು ಮೆಲ್ಲಗೆ, "ದುಬೈ" ಎಂದೆ.

ತೀರ್ಥಹಳ್ಳಿಯವರಾದ ನಮಗೆ ಕಾಯಿಲೆಯ ಹೆದರಿಕೆ ಹೊಸದಲ್ಲ. ಬೇಸಿಗೆ ಬಂತೆಂದರೆ ಮಂಗನ ಕಾಯಿಲೆಯ ಸುದ್ದಿ ಇದ್ದದ್ದೇ. ಆದರೆ ಅದಕ್ಕೊಂದು ಮರ್ಯಾದೆ ಇದೆ: ಮೊದಲು ಎಲ್ಲೋ ಒಂದು ಮಂಗ ಸಾಯುತ್ತದೆ, ಆಮೇಲೆ ಮನುಷ್ಯರಿಗೆ ಬರುತ್ತದೆ. ಈ ಹೊಸ ಕಾಯಿಲೆಯಲ್ಲಿ ಮೊದಲು ಸಾಯುವ ಮಂಗ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಮನೆಯವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಅಮ್ಮನ ಎದೆಯಿಂದ ಸುಂಯ್ ಎಂಬ ಸದ್ದು ಬಂತು. ಅವಳಿಗೆ ಹಳೆಯ ಉಬ್ಬಸ. ವಯಸ್ಸಾದವರಿಗೆ, ಉಸಿರಿನ ತೊಂದರೆ ಇದ್ದವರಿಗೆ ಇದು ಬಂದರೆ ಉಳಿಯುವುದಿಲ್ಲ ಎಂದು ಟೀವಿಯವರು ಬೆಳಗ್ಗೆಯಿಂದ ಹೇಳುತ್ತಿದ್ದರು. ತಮಾಷೆ ಮಾಡುವ ಉತ್ಸಾಹ ನನ್ನಲ್ಲೂ ಉಳಿಯಲಿಲ್ಲ. "ನಾನು ಮಾಳಿಗೆ ಕೋಣೇಲಿ ಇರ್ತೀನಿ" ಎಂದು ಎದ್ದೆ. ಈ ಮಹಾತ್ಯಾಗವನ್ನು ಯಾರಾದರೂ ತಡೆದಾರು ಎಂದು ಎರಡು ಮೆಟ್ಟಿಲು ನಿಧಾನವಾಗಿಯೇ ಹತ್ತಿದೆ. ಹಿಂದಿನಿಂದ ಕೇಳಿದ್ದು ಚಿಲಕ ಹಾಕಿದ ಸದ್ದು.

ನನ್ನ ಪಾತ್ರೆ ಅಂಗಡಿಗೂ ಬೀಗ, ನನಗೂ ಬೀಗ. ಮದುವೆಗೆ ಹಾಕಿಕೊಂಡು ಹೋಗಿದ್ದ ಬಟ್ಟೆಯನ್ನು ಸೌಜನ್ಯಾ ಹಿತ್ತಲಲ್ಲಿ ಸುಟ್ಟಳು. ಮೊಬೈಲನ್ನು ಸೋಂಕು ಹೋಗಲೆಂದು ಸೋಪಿನ ನೀರಲ್ಲಿ ಮುಳುಗಿಸಿದಳು. ಸೋಂಕು ಹೋಯಿತೋ ಇಲ್ಲವೋ, ಮೊಬೈಲಂತೂ ಹೋಯಿತು.

ಮಾಳಿಗೆ ಕೋಣೆ ಎಂದರೆ ಒಂದು ಮಂಚ, ಪಕ್ಕದಲ್ಲೊಂದು ಬಚ್ಚಲು, ಮತ್ತು ತೀರಿಕೊಂಡವರು. ಕೆಳಗಿನ ಜಗಲಿಗೆ ಬಣ್ಣ ಹೊಡೆಸುವಾಗ ತೆಗೆದ ಹಿರಿಯರ ಫೋಟೋಗಳನ್ನೆಲ್ಲ ಸೌಜನ್ಯಾ ಇಲ್ಲಿ ತಂದು ಸಾಲಾಗಿ ನೇತುಹಾಕಿದ್ದಳು. ಅಪ್ಪ, ಅಜ್ಜ, ಅಜ್ಜಿ, ದೊಡ್ಡಪ್ಪ, ಎಲ್ಲರಿಗೂ ಗಂಧದ ಹಾರ. ಸಾಲಿನ ಕೊನೆಯಲ್ಲಿ, ಅಪ್ಪನ ಪಕ್ಕ, ಒಂದು ಖಾಲಿ ಮೊಳೆ. ಮಂಚದಲ್ಲಿ ಯಾವ ಮಗ್ಗುಲಿಗೆ ಮಲಗಿದರೂ ಅಪ್ಪ ನನ್ನನ್ನೂ ಆ ಮೊಳೆಯನ್ನೂ ಒಟ್ಟಿಗೇ ನೋಡುವಂತೆ ಕಾಣುತ್ತಿದ್ದ.

ಊರು ಹಾಗೆ ಸುಮ್ಮನಾದದ್ದನ್ನು ನಾನು ಕಂಡವನಲ್ಲ. ತುಂಗೆಯ ಸದ್ದು ನಮ್ಮ ಮನೆಯೊಳಗೆ ಕೇಳುವುದು ಮಳೆಗಾಲದಲ್ಲಿ ಮಾತ್ರ. ಈಗ ಬಿರುಬೇಸಿಗೆಯಲ್ಲಿ, ಬಂಡೆಗಳ ನಡುವೆ ಇದ್ದಷ್ಟು ನೀರು ಹರಿಯುವುದು ಮಂಚದವರೆಗೂ ಕೇಳಿಸಿತು. ಖಾಲಿ ರಸ್ತೆಯಲ್ಲಿ ಕರಿಮೂತಿಯ ಮುಸುವಗಳ ಹಿಂಡೊಂದು ಎಡಬದಿ ಹಿಡಿದು ಶಿಸ್ತಾಗಿ ನಡೆದುಹೋಯಿತು. ಎಲ್ಲೋ ದೂರದಲ್ಲಿ ಆಟೋವೊಂದು ಮೈಕಿನಲ್ಲಿ "ಯಾರೂ ಹೊರಗೆ ಬರಬೇಡಿ, ಯಾರೂ ಹೊರಗೆ ಬರಬೇಡಿ" ಎನ್ನುತ್ತ ಸುತ್ತುತ್ತಿತ್ತು. ಆ ದನಿ ಹತ್ತಿರವೂ ಬರದೆ, ದೂರವೂ ಹೋಗದೆ ಅಲ್ಲಲ್ಲೇ ಅಲೆಯುತ್ತಿತ್ತು.

ಊಟಕ್ಕೆ ತಟ್ಟೆ ಕೊಟ್ಟರೆ ಅದನ್ನು ಮುಟ್ಟುವವರು ಯಾರು? ಹಾಗಾಗಿ ಬಾಳೆಲೆ. ಸೌಜನ್ಯಾ ಮೆಟ್ಟಿಲಿನ ತಿರುವಿನಲ್ಲಿ ಎಲೆಯಿಟ್ಟು, ಗೋಡೆ ತಟ್ಟಿ, ಹಿಂದಿರುಗಿ ನೋಡದೆ ಇಳಿದುಹೋಗುತ್ತಿದ್ದಳು. ಎಡೆ ಇಟ್ಟವರು ಹಾಗೆಯೇ ಅಲ್ಲವೇ ಹೋಗುವುದು! ನಾನು ಬರುವಷ್ಟರಲ್ಲಿ ತಿರುವಿನ ಕಿಟಕಿಯಲ್ಲಿ ಕಾಗೆಯೊಂದು ಬಂದು ಕೂತಿರುತ್ತಿತ್ತು. ನನ್ನನ್ನು ಕಂಡರೆ ಹಾರುತ್ತಿರಲಿಲ್ಲ. ಪಾಲುದಾರನ ಹಾಗೆ ಸುಮ್ಮನೆ ಕಾಯುತ್ತಿತ್ತು.

ಮಾರನೆಯ ದಿನ ಹೊಸನಗರದಿಂದ ಸೋದರಮಾವ ಮುಕುಂದಯ್ಯನವರ ಫೋನು ಬಂತು. ನೆಟ್‌ವರ್ಕಿನ ದೆಸೆಯಿಂದ ಚೈತ್ರಾ ಕಿಟಕಿ ಹತ್ತಿರ ನಿಂತು ಕೂಗಿ ಮಾತಾಡುತ್ತಿದ್ದಳು. ಅವಳ ಪಾಲಿನ ಮಾತು ಪೂರ್ತಿ ನನಗೆ ಕೇಳಿಸಿತು.

"ಹಲೋ ಅಜ್ಜಾ... ಅಪ್ಪನಾ? ಅಪ್ಪ ಮೇಲೆ ಹೋದ್ರು... ಮೇಲೆ! ನಿನ್ನೆ ಮಧ್ಯಾಹ್ನ. ಊಟಕ್ಕೆ ಕೂತಿದ್ರು, ಒಂದ್ಸಲ ಸೀನಿದ್ರು, ಅಷ್ಟೇ. ಹೋಳಿಗೇನೂ ತಿನ್ಲಿಲ್ಲ... ಹೂಂ, ಕರೋನಾನೇ ಇರ್ಬೇಕು ಅಂತ... ಬಟ್ಟೆ ಎಲ್ಲಾ ಅಮ್ಮ ಸುಟ್ಟಾಕಿದ್ಲು... ಬೇಡ ಬೇಡ, ನೋಡಕ್ಕೆ ಯಾರೂ ಬರೋ ಹಂಗಿಲ್ಲ... ಅಮ್ಮನಾ? ಆರಾಮಿದಾಳೆ. ಹೋಳಿಗೆ ತಿಂತಿದಾಳೆ."

ಎಷ್ಟು ಅಚ್ಚುಕಟ್ಟಾಗಿ ವರದಿ ಒಪ್ಪಿಸಿದಳಲ್ಲ ಎಂದು ನಾನು ಮೇಲೆ ಮಲಗಿಕೊಂಡು ಹೆಮ್ಮೆಪಟ್ಟೆ.

ಅದರ ಮರುದಿನ ಬೆಳಗ್ಗೆ ಸೌಜನ್ಯಾ ಮಗಳನ್ನು ಕರೆದುಕೊಂಡು ತರಕಾರಿ, ಅಕ್ಕಿಗೆಂದು ಪೇಟೆಗೆ ಹೋದಳು. ಹೋಗುವಾಗ ಅಮ್ಮನಿಗೆ, "ಅತ್ತೆ, ಏನೇ ಆದ್ರೂ ಮೆಟ್ಲು ಹತ್ಬೇಡಿ" ಎಂದು ಕಟ್ಟಪ್ಪಣೆ ಮಾಡಿದ್ದೂ ಕೇಳಿಸಿತು. ಬಿಸಿಲೇರಿತು. ಅವರು ಬರಲಿಲ್ಲ. ಎಲೆಯೂ ಬರಲಿಲ್ಲ. ಕಾಗೆ ಮಾತ್ರ ಬಂದು ಕೂತಿತ್ತು.

ಆಗ ಕೆಳಗೆ ಫೋನು ಹೊಡೆದುಕೊಂಡಿತು. ಸಾಗರದಿಂದ ನನ್ನಕ್ಕ ಸುಚಿತ್ರಾ. ಅಮ್ಮನಿಗೆ ಕಿವಿ ಸ್ವಲ್ಪ ಮಂದ, ಫೋನನ್ನು ಯಾವಾಗಲೂ ಸ್ಪೀಕರಿಗೇ ಹಾಕುತ್ತಾಳೆ. ಎತ್ತಿದ ಕೂಡಲೇ ಮನೆ ತುಂಬ ಅಳು.

"ಹೋದ್ನಲ್ಲಮ್ಮಾ! ನಮ್ಮನ್ನೆಲ್ಲ ಬಿಟ್ಟು ಹೋದ್ನಲ್ಲಾ! ನಂಗೆ ಇನ್ಯಾರಿದಾರೆ?"

ನಾನು ಎದ್ದು ಕೂತೆ. ಅಕ್ಕ ಹೀಗೆ ಅಳಬೇಕಾದರೆ ಹೋದದ್ದು ಅವಳ ಗಂಡ ವಿನೋದನೇ ಇರಬೇಕು. ವಿನೋದ ಅಮ್ಮನ ಅಣ್ಣನ ಮಗ, ಸಾಗರದಲ್ಲಿ ಬೇಕರಿ ಇಟ್ಟಿದ್ದಾನೆ. ಚಿಕ್ಕಂದಿನಿಂದ ನಮ್ಮ ಜೊತೆಯೇ ಆಡಿ ಬೆಳೆದವನಾದ್ದರಿಂದ ಅಕ್ಕ ಇವತ್ತಿಗೂ ಅವನನ್ನು 'ಅಂವ' ಎಂದೇ ಕರೆಯುವುದು. ಅಮ್ಮನೂ ಹಾಗೆಯೇ ತಿಳಿದಳು. ಒಂದು ಚೀತ್ಕಾರ ಕೇಳಿತು.

"ಅಯ್ಯೋ ನನ್ನ ಮಗಳೇ! ನಾನೇ ಎತ್ತಿ ಆಡ್ಸಿದ್ ಹುಡ್ಗ ಕಣೇ!"

"ಹೌದಮ್ಮಾ, ನಿನ್ನ ಕೈಯಲ್ಲೇ ಬೆಳೆದಿದ್ದ!"

"ಎಂಥಾ ಬಂಗಾರದಂಥ ಮನುಷ್ಯ! ಬೆಳಗಾದ್ರೆ ದುಡಿಮೆ, ದುಡಿಮೆ..."

ಫೋನಿನ ಆ ಕಡೆ ಅಳು ಅರೆಕ್ಷಣ ತಡೆಯಿತು. "ದುಡಿಮೆನಾ? ಅಂಗ್ಡೀಲಿ ಕೂತು ತೂಕಡಿಸ್ತಿದ್ದ ಅಷ್ಟೇ ಅಮ್ಮಾ."

"ಹೋದವ್ರ ಬಗ್ಗೆ ಹಂಗೆಲ್ಲ ಅನ್ಬಾರ್ದು ಕಣೇ. ಹೆಂಡ್ತಿನ ಹೂವಿನ ಹಂಗೆ ನೋಡ್ಕೊಂಡಿದ್ದ."

"ಅಂವ ಎಲ್ಲಿ ನೋಡ್ಕೊಂಡ? ಅವಳೇ ಇವನ್ನ ನೋಡ್ಕೊಂಡಿದ್ದು. ಅದೆಲ್ಲ ಬಿಡು, ಹೋಗೋ ವಯಸ್ಸಾ ಅದು? ಎಲೆ ಮೇಲೆ ಹೋಳಿಗೆ ಇತ್ತಂತೆ ಅಮ್ಮಾ. ಒಂದ್ಸಲ ಸೀನಿದ್ನಂತೆ. ಒಂದು ತುತ್ತೂ ತಿನ್ನದೆ ಹೋದ್ನಂತೆ!"

ಕೆಳಗೆ ಅಳು ನಿಂತಿತು. ಆಮೇಲೆ ಅಮ್ಮನ ದನಿ, ಬಹಳ ಸಣ್ಣದಾಗಿ: "ಯಾರ ಸುದ್ದಿ ಹೇಳ್ತಿದ್ಯೇ ನೀನು?"

"ಮತ್ಯಾರದ್ದಮ್ಮಾ? ನಮ್ಮ ಪೂರ್ಣೇಶಂದು!"

ಪೂರ್ಣೇಶ ಎಂದರೆ ನಾನು.

ನಗುತ್ತೀರಿ, ಗೊತ್ತು. ಆದರೆ ನೀವು ಆ ಕೋಣೆಯಲ್ಲಿ ಇರಲಿಲ್ಲ. ಮಂಚದಲ್ಲಿ ಕೂತು ಯೋಚಿಸುತ್ತ ಹೋದೆ. ಸೀನಿದ್ದು ನೆನಪಿತ್ತು. ಆಮೇಲೆ ಯಾರೂ ನನ್ನನ್ನು ಮುಟ್ಟಿರಲಿಲ್ಲ. ಯಾರೂ ಮುಖ ಕೊಟ್ಟು ಮಾತಾಡಿರಲಿಲ್ಲ. ಬಟ್ಟೆ ಸುಟ್ಟಿದ್ದರು. ಊಟ ಎಲೆಯಲ್ಲಿ ಬರುತ್ತಿತ್ತು, ಇಟ್ಟವಳು ತಿರುಗಿ ನೋಡುತ್ತಿರಲಿಲ್ಲ, ಕಾಗೆ ಕಾಯುತ್ತಿತ್ತು. ಸುತ್ತಮುತ್ತ ಇದ್ದವರೆಲ್ಲ ಗಂಧದ ಹಾರದವರು. ಒಂದೊಂದೇ ಕೂಡಿಸುತ್ತ ಹೋದಂತೆ ಲೆಕ್ಕ ತಪ್ಪುವ ಜಾಗ ಎಲ್ಲೂ ಸಿಗಲಿಲ್ಲ. ಕೈ ಚಿವುಟಿಕೊಂಡೆ. ನೋವಾಯಿತು. ಸತ್ತವರಿಗೆ ನೋವಾಗುವುದಿಲ್ಲ ಎಂದು ಹೇಳಿದವರು ಯಾರು? ಸತ್ತವರಂತೂ ಹೇಳಿಲ್ಲ.

ಕಿಟಕಿಗೆ ಹೋದೆ. ಎದುರುಮನೆಯ ಗುತ್ಯಪ್ಪ ನಮ್ಮ ಗೇಟಿನಿಂದ ದೂರದಲ್ಲಿ, ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡು, ಮನೆಯನ್ನೇ ನೋಡುತ್ತ ಕೈಮುಗಿದು ನಿಂತಿದ್ದ. ಅಬ್ಬ, ಒಬ್ಬ ಮನುಷ್ಯ ಸಿಕ್ಕಿದ ಎಂದು ಕಿಟಕಿಯಿಂದ ಕೈಬೀಸಿದೆ. ಮಾಸ್ಕು ಸಿಗದ ಕಾಲ. ತಲೆ ಮುಖವನ್ನೆಲ್ಲ ಸೇರಿಸಿ ಬಿಳಿ ಪಂಚೆ ಸುತ್ತಿಕೊಂಡಿದ್ದೆ. ಗುತ್ಯಪ್ಪ ಮೇಲೆ ನೋಡಿದ. ಅವನ ಮುಗಿದ ಕೈ ಹಾಗೇ ಇತ್ತು, ಕಾಲು ಮಾತ್ರ ಹಿಂದಕ್ಕೆ ಹೋಯಿತು. ಆಮೇಲೆ ಒಂದು ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಓಡಿದ. ಅವನ ಮನೆಯ ಬಾಗಿಲು, ಕಿಟಕಿ, ಒಂದಾದ ಮೇಲೊಂದು ಮುಚ್ಚಿಕೊಂಡವು.

ಮೆಟ್ಟಿಲ ತುದಿಗೆ ಬಂದೆ. "ಅಮ್ಮಾ" ಎಂದು ಕೂಗಿದೆ. ಶೀತಕ್ಕೆ ಗಂಟಲು ಕಟ್ಟಿತ್ತು, ದನಿ ನನಗೇ ಕೇಳಲಿಲ್ಲ.

ಕೆಳಗೆ ಚಿಲಕ ತೆಗೆದ ಸದ್ದಾಯಿತು. ಮೆಟ್ಟಿಲ ಮೇಲೆ ಹೆಜ್ಜೆ. ಒಂದು ಹೆಜ್ಜೆ, ಸುಂಯ್ ಎಂಬ ಉಸಿರು, ಮತ್ತೊಂದು ಹೆಜ್ಜೆ. ಅಮ್ಮ ತಿರುವಿನಲ್ಲಿ ಕಾಣಿಸಿಕೊಂಡಳು. ಮೆಟ್ಟಿಲ ತುದಿಯಲ್ಲಿ ಬಿಳಿ ಮುಸುಕಿನಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಕಿರುಚಲಿಲ್ಲ, ಬೆಚ್ಚಲಿಲ್ಲ.

"ಪೂರ್ಣೇಶನಾ?" ಎಂದಳು.

"ಹೌದಮ್ಮಾ."

"ಊಟ ಆತನಾ?"

"ಇಲ್ಲ."

"ಬಾ, ಬಡಿಸ್ತೀನಿ."

ಅವಳು ಕೈ ಚಾಚಿಕೊಂಡು ಹತ್ತಿ ಬರತೊಡಗಿದಳು. ನಾನು ಹಿಂದೆ ಸರಿದೆ. "ಹತ್ರ ಬರ್ಬೇಡಮ್ಮಾ, ಅಂಟ್ಕೊಳ್ತದೆ."

"ಸತ್ತೋದವ್ರಿಂದ ಎಂತ ಅಂಟ್ಕೊಳ್ತದ್ಯಾ?" ಎಂದಳು ಅಮ್ಮ, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. "ನಂಗೆ ಹೇಳ್ದೇ ಮುಚ್ಚಿಟ್ರು ನೋಡು. ಮುದುಕಿ ತಡ್ಕೊಳಲ್ಲ ಅಂತ. ಹೆದರ್ಬೇಡ ಮಗಾ. ನಿನ್ನಪ್ಪ ಇದಾರಲ್ಲ ಅಲ್ಲಿ, ಅವ್ರ ಕೈ ಬಿಡ್ಬೇಡ."

ನನಗೆ ಅಳು ಬಂತು. ಮಗ ದೆವ್ವವಾಗಿದ್ದಾನೆ ಎಂದು ನಂಬಿಕೊಂಡು, ಉಬ್ಬಸದ ಎದೆ ಹೊತ್ತು, ಅವನಿಗೆ ಊಟ ಹಾಕಲು ಮೆಟ್ಟಿಲು ಹತ್ತಿ ಬಂದವಳು! "ಅಮ್ಮಾ, ನಾನು ಸತ್ತಿಲ್ಲ ಅನ್ಸುತ್ತೆ" ಎಂದೆ. ('ಅನ್ಸುತ್ತೆ' ಎಂದದ್ದು ನಿಜ. ಖಾತ್ರಿ ನನಗೂ ಇರಲಿಲ್ಲ.)

ಅವಳ ಕೈ ಮುಸುಕಿನೊಳಗೆ ಬಂದು ನನ್ನ ಕೆನ್ನೆ ಸವರಿತು. ಗಡ್ಡ ಸವರಿತು. ಮೂಗಿನ ಕೆಳಗೆ ನಿಂತು ಉಸಿರು ನೋಡಿತು. ಆಮೇಲೆ ಅದೇ ಕೈ ಅದೇ ಕೆನ್ನೆಗೆ ಫಟಾರನೆ ಬಿತ್ತು.

"ಬದುಕಿದ್ದೂ ಸುಮ್ನೆ ಕೂತಿದ್ಯನಾ ಇಲ್ಲಿ! ಒಂದು ಕೂಗು ಹಾಕಕ್ಕಾಗಲ್ವಾ ನಿಂಗೆ?"

ನಾನು ಬದುಕಿದ್ದೇನೆ ಎಂದು ಪೂರ್ತಿ ಖಾತ್ರಿಯಾದದ್ದು ಆಗಲೇ.

ಅಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಚೀಲ ಹಿಡಿದುಕೊಂಡು ಸೌಜನ್ಯಾ ಪ್ರತ್ಯಕ್ಷಳಾದಳು. ಪೇಟೆಯಲ್ಲಿ ಪೊಲೀಸರು ಅಡ್ಡಗಟ್ಟಿ ತಡವಾಗಿತ್ತಂತೆ. ಗಂಡ ಸತ್ತ ಸುದ್ದಿ ಅವಳಿಗೆ ಸಾಲಿನಲ್ಲಿ ನಿಂತಾಗಲೇ ಯಾರೋ ಹೇಳಿದ್ದರಂತೆ. "ಬೆಳಗ್ಗೆ ದೋಸೆ ತಿಂದ್ರಲ್ಲ" ಎಂದು ಅವಳು ಸೊಪ್ಪು ಆರಿಸುವುದನ್ನು ಮುಂದುವರಿಸಿದಳಂತೆ.

"ಅತ್ತೆ! ಮುಟ್ಟಿದ್ರಾ ಅವ್ರನ್ನ?"

"ಎಲ್ಲಿ ಮುಟ್ಟಿದೆ? ಹೊಡೆದೆ ಅಷ್ಟೇ."

"ಹೊಡ್ದಿದ್ದೂ ಮುಟ್ಟಿದ್ದೇ. ಇಬ್ರೂ ಮೇಲೆ ಹೋಗಿ."

ಚಿಲಕ ಬಿತ್ತು. ಯಾರಿಂದ ದೂರವಿರಲು ಮೇಲೆ ಬಂದಿದ್ದೆನೋ ಅವಳೇ ನನ್ನ ಕೋಣೆಗೆ ಬಂದಳು. ಮಂಚ ಅವಳದಾಯಿತು, ನೆಲ ನನ್ನದಾಯಿತು. ಕಾಗೆಗೆ ಎರಡು ಎಲೆಯಾಯಿತು. ನಾನು ನೆಲದಲ್ಲಿ ಕೂತು ಅವಳ ಒಂದೊಂದು ಉಸಿರನ್ನೂ ಆಲಿಸುತ್ತಿದ್ದೆ. ಸುಂಯ್ ಎಂದರೆ ಎದೆ ಹಾರುತ್ತಿತ್ತು. ಸುಂಯ್ ನಿಂತರೆ ಇನ್ನೂ ಹೆಚ್ಚು ಹಾರುತ್ತಿತ್ತು. ಅವಳು ಮಾತ್ರ ಫೋಟೋಗಳ ಧೂಳು ಒರೆಸುತ್ತ, ಅಜ್ಜನಿಗೂ ದೊಡ್ಡಪ್ಪನಿಗೂ ಏನೇನೋ ಹೇಳಿಕೊಳ್ಳುತ್ತ ಆರಾಮಾಗಿದ್ದಳು.

ಕಾಯಿಲೆ ಬರಲಿಲ್ಲ. ದುಬೈ ಕ್ಲಾಸ್‌ಮೇಟನಿಗೂ ಏನೂ ಇರಲಿಲ್ಲವಂತೆ. ಶೀತ ಹೋಗಿ ಗಂಟಲು ಬಿಟ್ಟ ಮೇಲೆ, ಅಮ್ಮನ ಫೋನಿನಿಂದ ಒಬ್ಬೊಬ್ಬರಿಗೂ ಕರೆ ಮಾಡಿ ನಾನು ಬದುಕಿರುವ ಸುದ್ದಿ ತಿಳಿಸುವ ಕೆಲಸ ನನ್ನ ಪಾಲಿಗೇ ಬಂತು. ಮುಕುಂದಯ್ಯ ಮಾವ, "ಬದುಕಿದ್ಯಾ? ನಿನ್ನ ಸೂತಕ ಅಂತ ತಣ್ಣೀರು ಹುಯ್ಕೊಂಡು ನಂಗೆ ಶೀತ ಆಗಿದೆ ಮಾರಾಯ. ಈಗ ನನ್ನನ್ನೂ ಮೇಲೆ ಹಾಕಿದಾರೆ" ಎಂದು ಫೋನಿಟ್ಟರು. ಅಕ್ಕ ಬೈದಳು. ವಿನೋದ ಮಾತ್ರ ಬಹಳ ಖುಷಿಯಲ್ಲಿದ್ದ. "ಅತ್ತೆ ನನಗೋಸ್ಕರ ಅಷ್ಟೊಂದು ಅತ್ರಂತಲ್ಲೋ! ಬಂಗಾರದಂಥ ಮನುಷ್ಯ ಅಂದ್ರಂತೆ!" ಎಂದು ನನಗೇ ಕೇಳಿಸಿದ.

ಅದು ನನಗೆ ಚುಚ್ಚಿತು. ಕೆಳಗಿಳಿಯುವ ದಿನ, ಅಮ್ಮ ಹಾಸಿಗೆ ಮಡಚುತ್ತಿರುವಾಗ, ಆದಷ್ಟು ಸಲೀಸಾಗಿ ಕೇಳಿದೆ:

"ಅಲ್ಲಮ್ಮಾ, ಹೋಗಿದ್ದು ವಿನೋದ ಅಲ್ಲ, ನಾನು ಅಂತ ಗೊತ್ತಾದ್ಮೇಲೆ ನಿನ್ನ ಅಳು ಒಂದೂ ಕೇಳ್ಲಿಲ್ವಲ್ಲ ನಂಗೆ. ಯಾಕೆ?"

ಅಮ್ಮ ದಿಂಬು ಕೊಡವಿ ನನ್ನ ಕೈಗೆ ಕೊಟ್ಟಳು.

"ಎಂತ ಮಾಡದು ಮಾರಾಯಾ? ಇದ್ದ ಕಣ್ಣೀರೆಲ್ಲ ಆ ವಿನೋದಂಗೇ ಖರ್ಚಾಗಿಬಿಟ್ಟಿತ್ತು."