ಇಪ್ಪತ್ತು ಪರ್ಸೆಂಟ್ ಹಗ್ಗ

ಗಣಿತ ಕಲಿಸಲು ಬುದ್ಧಿಗಿಂತ ಗಾಂಭೀರ್ಯ ಮುಖ್ಯ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ನಾಜಿಯಾ ಪುಸ್ತಕ ಹಿಡಿದು ಬಂದಾಗ ನಾನು ಶಾಲು ಹೊದ್ದೇ ಕುಳಿತೆ.

"ಅಂಕಲ್, ನಾಳೆ ಟೆಸ್ಟು. ಫೇಲಾದ್ರೆ ಖೋಖೋ ಟೀಮಿಂದ ತೆಗೀತಾರಂತೆ!"

"ವಿದ್ಯಾರಣ್ಯಪುರದಲ್ಲಿ ನಾನಿರೋ ತನಕ ಅದು ಅಸಾಧ್ಯ" ಎಂದು ಘೋಷಿಸಿದೆ.

ಲೆಕ್ಕ ಇಷ್ಟೇ: ಒಂದು ಸಂಖ್ಯೆಯನ್ನು ಶೇಕಡಾ ಇಪ್ಪತ್ತು ತಗ್ಗಿಸಿ, ಬಂದದ್ದನ್ನು ಮತ್ತೆ ಶೇಕಡಾ ಇಪ್ಪತ್ತು ಹೆಚ್ಚಿಸಿದರೆ ಏನಾಗುತ್ತದೆ?

"ಏನೂ ಆಗಲ್ಲಮ್ಮ. ಇಪ್ಪತ್ತು ಹೋಯ್ತು, ಇಪ್ಪತ್ತು ಬಂತು!"

"ಪುಸ್ತಕದ ಹಿಂದೆ ಬೇರೆ ಉತ್ತರ ಇದೆ, ಅಂಕಲ್."

"ಅಚ್ಚಿನ ದೋಷ."

ಪುಸ್ತಕವನ್ನು ಸೋಲಿಸಲು ಪ್ರಯೋಗವೊಂದೇ ದಾರಿ. ಕತ್ತರಿ, ಟೇಪು ಹಿಡಿದು ಇಬ್ಬರೂ ತಾರಸಿ ಹತ್ತಿದೆವು. ಅಲ್ಲಿ ಬಟ್ಟೆ ಒಣಗಿಸುವ ಹಗ್ಗ. ಕೊಕ್ಕೆಯಿಂದ ಕೊಕ್ಕೆಗೆ ಇಪ್ಪತ್ತೈದು ಅಡಿ. ಬಿಚ್ಚಿ, ಐದಡಿ ಕತ್ತರಿಸಿದೆ. ಉಳಿದದ್ದು ಇಪ್ಪತ್ತು. ಅದರ ಶೇಕಡಾ ಇಪ್ಪತ್ತೆಂದರೆ ನಾಲ್ಕು. ಕತ್ತರಿಸಿದ ತುಂಡಿನಿಂದಲೇ ನಾಲ್ಕಡಿ ಅಳೆದು ಗಂಟು ಹಾಕಿದೆ. ಎಳೆದೆ. ಇನ್ನೂ ಎಳೆದೆ. ಹಗ್ಗ ಎದುರಿನ ಕೊಕ್ಕೆಯನ್ನು ಮುಟ್ಟಲಿಲ್ಲ!

"ಗಂಟಿಗೆ ಹೋಗಿದೆ" ಎಂದೆ.

"ಗಂಟು ಅಷ್ಟೊಂದು ತಿನ್ನುತ್ತಾ? ಅಂಕಲ್, ನಿಮ್ ಕೈಲಿರೋದೇನು?"

ನೋಡಿಕೊಂಡೆ. ಒಂದಡಿ ಹಗ್ಗ.

ಹುಡುಗಿ ಕುಣಿದಾಡಿದಳು. "ಗೊತ್ತಾಯ್ತು! ತೆಗೆದಿದ್ದು ದೊಡ್ಡ ಹಗ್ಗದ ಇಪ್ಪತ್ತು ಪರ್ಸೆಂಟು, ಸೇರಿಸಿದ್ದು ಚಿಕ್ಕದರದ್ದು! ಮೊದಲಿದ್ದ ಉದ್ದ ಎಕ್ಸ್ ಅಂದ್ಕೊಂಡ್ರೆ, ಈಗಿರೋದು ಎಕ್ಸ್‌ನ ತೊಂಬತ್ತಾರು ಪರ್ಸೆಂಟು!"

"ಇದನ್ನೇ ನಾನು ಕಲಿಸಲು ಹೊರಟಿದ್ದು" ಎಂದೆ, ಶಾಲು ಸರಿಪಡಿಸಿಕೊಂಡು.

ಆ ಒಂದಡಿಯನ್ನೂ ಕಟ್ಟಿದೆ. ಆದರೂ ಸಾಲಲಿಲ್ಲ. ಈ ಸಲ ನಿಜವಾಗಿಯೂ ಗಂಟುಗಳೇ ತಿಂದಿದ್ದವು!

ಅಷ್ಟರಲ್ಲಿ ನನ್ನ ಹೆಂಡತಿ ಸರೋಜ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಮೇಲೆ ಬಂದಳು.

"ಏನ್ರೀ ಇದು? ಹಗ್ಗ ಯಾಕೆ ತುಂಡಾಗಿದೆ?"

"ಬೀಜಗಣಿತ."

"ಹಾಗಾದ್ರೆ ಆ ತುದಿ ಹಿಡ್ಕೊಂಡು ನಿಂತ್ಕೊಳ್ಳಿ. ಬೆಡ್‌ಶೀಟ್ ಒಣಗ್ಬೇಕು."

ನಿಂತೆ. ಒಣಗಿದ್ದು ಬೆಡ್‌ಶೀಟೋ ನಾನೋ ಹೇಳಲಾರೆ.

ಟೆಸ್ಟಿನಲ್ಲಿ ಅದೇ ಲೆಕ್ಕ ಬಂತು. ನಾಜಿಯಾ ಪಾಸು! ಖೋಖೋ ಟೀಮಿನಲ್ಲಿ ಅವಳ ಜಾಗವೂ ಭದ್ರ! ನಾನು ಪಾರ್ಕಿನಲ್ಲಿ ಕಂಡಕಂಡವರಿಗೆಲ್ಲ ನನ್ನ ಬೋಧನಾ ಪದ್ಧತಿಯನ್ನು ವಿವರಿಸಿದೆ. ಎದೆ ಶೇಕಡಾ ಇಪ್ಪತ್ತು ಉಬ್ಬಿತ್ತು.

ಭಾನುವಾರ ಬಾಗಿಲಲ್ಲಿ ಇಡೀ ಖೋಖೋ ಟೀಮು.

"ಅಂಕಲ್, ನೀವು ತಪ್ಪು ಮಾಡಿದ್ರೆ ಲೆಕ್ಕ ಮರೆತೇ ಹೋಗಲ್ವಂತೆ. ನಮಗೂ ಮಾಡಿ ತೋರ್ಸಿ!"

ನಾನು ಶಾಲು ಹೊದ್ದೆ. ಸರೋಜ ಕತ್ತರಿ ಬಚ್ಚಿಟ್ಟಳು.