ಧನುರ್ಮಾಸದಲ್ಲೊಂದು ಕತ್ತಲೆ ಕಥೆ

"ಇನ್ನು ಮೇಲೆ ನನ್ನ ಕಥೆಯಲ್ಲಿ ಒಗ್ಗರಣೆಯ ಚಟಪಟ ಇರೋದಿಲ್ಲ, ಪಿಸ್ತೂಲಿನ ಢಮಾರ್ ಇರುತ್ತೆ!" ಎಂದು ತೊಂಬತ್ತಾರರ ಡಿಸೆಂಬರಿನ ಒಂದು ಬೆಳಿಗ್ಗೆ ಕಾಫಿ ಲೋಟ ಕುಕ್ಕಿ ಘೋಷಿಸಿದೆ.

ಕಾರಣವಿತ್ತು. ಯುಗಾದಿ ವಿಶೇಷಾಂಕಕ್ಕೆ ಕಥೆ ಕೇಳಿದ ಸಂಪಾದಕರು, "ಈ ಸಲ ಅಡುಗೆಮನೆಯಿಂದ ಸ್ವಲ್ಪ ಆಚೆ ಬನ್ನಿ ಮೇಡಂ" ಎಂದು ಫೋನಿನಲ್ಲಿ ನಕ್ಕಿದ್ದರು. ಆಚೆ ಬರಲು ನಾನೂ ಮದುವೆಯಾದಾಗಿನಿಂದ ಹೆಣಗುತ್ತಿದ್ದೇನೆಂದು ಅವರಿಗೇನು ಗೊತ್ತು!

ನಾನು ಆರಿಸಿಕೊಂಡದ್ದು 'ನ್ವಾರ್' ಎಂಬ ಕರಾಳ ಪತ್ತೇದಾರಿ ಕಥೆ. ಅದಕ್ಕೆ ಶಾಸ್ತ್ರೋಕ್ತ ಲಕ್ಷಣಗಳಿವೆ. ಒದ್ದೆ ಬೀದಿ, ಮಂಕು ದೀಪ, ಸುತ್ತ ಹೊಗೆ. ಉದ್ದ ಕೋಟು, ಟೋಪಿ ತೊಟ್ಟ ಒಂಟಿ ಪತ್ತೇದಾರ. ಅವನನ್ನು ಹಾಳುಮಾಡಲೆಂದೇ ಹುಟ್ಟಿದ ಸುಂದರಿ. ಈ ಪತ್ತೇದಾರ ಊಟ ಮಾಡುವುದೇ ಇಲ್ಲ. ಅವನ ಕೋಟನ್ನು ಯಾರು ಒಗೆಯುತ್ತಾರೆಂದು ಯಾವ ಕಥೆಯೂ ಹೇಳುವುದಿಲ್ಲ. ಅಡುಗೆಯೇ ಇಲ್ಲದ ಲೋಕ! ಆಹಾ!

"ಕೊಲೆ ಎಲ್ಲಿ? ಗಾಂಧಿಬಜಾರಲ್ಲಾ?" ಎಂದರು ಪತಿ ರಾಮಾನುಜ. "ಪಿಸ್ತೂಲ್ ತೆಗೆಯೋಷ್ಟರಲ್ಲಿ ನಾಲ್ಕು ಜನ 'ಏನ್ ಸಾರ್, ಕಾಫಿ ಆಯ್ತಾ' ಅಂತ ಕೇಳಿರ್ತಾರೆ."

"ಅದಕ್ಕೇ ಮನೇಲೇ ವಾತಾವರಣ ಸೃಷ್ಟಿ ಮಾಡ್ತೀನಿ. ಇವತ್ತು ಮನೆಗೆಲಸಕ್ಕೆ ರಜಾ."

"ನನ್ನ ಊಟದ ಡಬ್ಬಿ?"

"ಪತ್ತೇದಾರರು ಡಬ್ಬಿ ತಗೊಂಡ್ ಹೋಗಲ್ಲ!"

ಅವರು ಖಾಲಿ ಕೈಯಲ್ಲಿ ಆಫೀಸಿಗೆ ನಡೆದರು. ನಾನು ಬಾಗಿಲ ಮುಂದೆ ಬಕೆಟ್ಟುಗಟ್ಟಲೆ ನೀರು ಹುಯ್ದೆ. ಒದ್ದೆ ಬೀದಿ ಬೇಕಲ್ಲ! ರಂಗೋಲಿ ಹಾಕಲಿಲ್ಲ. ಕೊಲೆ ನಡೆಯುವ ಬೀದಿಯಲ್ಲಿ ಎಂದಾದರೂ ಎಳೆ ರಂಗೋಲಿ ಇರುತ್ತದೆಯೇ? ಕಿಟಕಿಗಳಿಗೆ ಜಮಖಾನ ಕಟ್ಟಿದೆ. ಸಿಗರೇಟಿನ ಸ್ಥಾನವನ್ನು ಸಾಂಬ್ರಾಣಿ ಅಲಂಕರಿಸಿತು. ಮುಸ್ಸಂಜೆಯಾದರೂ ದೇವರ ದೀಪವಿಲ್ಲ, ಬಾಗಿಲ ದೀಪವಿಲ್ಲ. ಒಂದು ಮೇಣದಬತ್ತಿಯ ಮುಂದೆ ಬರೆಯುತ್ತಲೇ ಇದ್ದೆ. ಸುಂದರಿ ಇನ್ನೇನು ಪಿಸ್ತೂಲು ಎತ್ತಬೇಕು, ಬಾಗಿಲು ಬಡಿದ ಸದ್ದು!

ತೆರೆದರೆ ಎದುರುಮನೆಯ ಏಕಾಂತಯ್ಯನವರು. ಅವರ ಹಿಂದೆ ಅರ್ಧ ಬೀದಿ. ಎಲ್ಲರ ಮುಖವೂ ಜೋಲುಬಿದ್ದಿತ್ತು.

"ಧೈರ್ಯ ತಂದ್ಕೊಳಮ್ಮಾ. ತುಂಬು ಜೀವನ ನಡೆಸಿದ್ರು."

"ಯಾರು?"

"ಇನ್ಯಾರು? ನಿಮ್ಮತ್ತೆ!"

ಆಗ ಹೊಳೆಯಿತು. ಧನುರ್ಮಾಸ! ಅಂಥ ತಿಂಗಳಲ್ಲಿ ಅಯ್ಯಂಗಾರರ ಮನೆ ಮುಂದೆ ನೀರಿದೆ, ರಂಗೋಲಿಯಿಲ್ಲ. ಒಳಗೆ ಹೊಗೆಯಿದೆ, ದೀಪವಿಲ್ಲ. ನೆಗಡಿಯಾಗಿದ್ದ ಅತ್ತೆ ಗೋದಮ್ಮನವರು ಬೆಳಿಗ್ಗೆಯಿಂದ ಜಗಲಿಗೂ ಬಂದಿರಲಿಲ್ಲ. ನನ್ನ ಕಥೆಗೆ ಒಬ್ಬ ಪತ್ತೇದಾರನನ್ನು ಹೊಂದಿಸಲು ನಾನು ಒದ್ದಾಡುತ್ತಿದ್ದರೆ, ಇಲ್ಲಿ ಬೀದಿ ತುಂಬ ಪತ್ತೇದಾರರು!

"ಅಯ್ಯೋ, ಒಳಗೆ ಮಲಗಿದಾರೆ, ಬನ್ನಿ ತೋರಿಸ್ತೀನಿ!" ಎಂದು ನಗುತ್ತಾ ಕೋಣೆಯ ಲೈಟು ಹಾಕಿದೆ.

ಹಾಸಿಗೆ ಖಾಲಿ!

ಬಚ್ಚಲು ನೋಡಿದೆ, ಹಿತ್ತಲು ನೋಡಿದೆ. ನಗು ಎಲ್ಲಿಗೋ ಓಡಿಹೋಗಿತ್ತು. ಅಷ್ಟರಲ್ಲಿ ರಾಮಾನುಜ ಬಂದರು. ಏಕಾಂತಯ್ಯನವರು ಮಾತಿಗೆ ಮೊದಲೇ ಅವರನ್ನು ತಬ್ಬಿಕೊಂಡುಬಿಟ್ಟರು.

"ಅಮ್ಮ ಎಲ್ಲಿ?" ಇವರು ಬಿಡಿಸಿಕೊಂಡು ನನ್ನ ಕಡೆ ತಿರುಗಿದರು.

"ಗೊತ್ತಿಲ್ಲ ರೀ... ಬರೀತಾ ಇದ್ದೆ, ನೋಡ್ಲಿಲ್ಲ..."

ಮಂಡಿನೋವಿನ ಜೀವ. ಹೊರಗೆ ಚಳಿ, ಕತ್ತಲೆ. ಅದರ ಮೇಲೆ ನಾನೇ ಹುಯ್ದ ನೀರು! ಎಲ್ಲಾದರೂ ಜಾರಿ ಬಿದ್ದಿದ್ದರೆ? ಹಾಳು ವಾತಾವರಣ!

ಆಗ ಬೀದಿಯ ತಿರುವಿನಲ್ಲಿ, ಮಂಕು ದೀಪದ ಕೆಳಗೆ ಒಂದು ಆಕೃತಿ ಕಾಣಿಸಿತು. ಉದ್ದ ಕೋಟು. ತಲೆಗೆ ಟೋಪಿ. ಮುಖದ ಸುತ್ತ ಹೊಗೆ! ಸಾಕ್ಷಾತ್ ನನ್ನ ಪತ್ತೇದಾರ! ನಿಧಾನವಾಗಿ ಕಾಲೆಳೆಯುತ್ತ ಹತ್ತಿರ ಬಂದಿತು. ಕೋಟು ಇವರ ಹಳೆಯದು. ಟೋಪಿ ಮಂಕಿಕ್ಯಾಪು. ಹೊಗೆ, ಕೈಯಲ್ಲಿದ್ದ ಪಾತ್ರೆಯ ಬಿಸಿ ಸಾರಿನ ಹಬೆ.

"ಅತ್ತೇ!"

"ಏನೇ ಅದು ಕಿರುಚಾಟ? ನಿನ್ ಸಾಂಬ್ರಾಣಿಗೆ ಉಸಿರು ಕಟ್ತು. ಹಿತ್ತಲ ಬಾಗಿಲಿಂದ ಹಿಂದಿನ ಬೀದಿ ವೇದವಲ್ಲಿ ಮನೆಗೆ ಹೋಗಿದ್ದೆ. ಹೂವಿನ ಮಾರಕ್ಕ ಬಂದು, ನಮ್ಮ ಬೀದಿಲಿ ಯಾರೋ ಹೋಗ್ಬಿಟ್ರು, ರಂಗೋಲಿ ಇಲ್ಲ, ದೀಪ ಇಲ್ಲ ಅಂದ್ಲು. ಪಾಪ, ಸಾವಿನ ಮನೇಲಿ ಒಲೆ ಹಚ್ಚೋ ಹಾಗಿಲ್ವಲ್ಲ, ಅಲ್ಲೇ ಒಂದಿಷ್ಟು ಸಾರು ಮಾಡ್ಕೊಂಡ್ ಬಂದೆ. ಯಾರ್ ಮನೆ?"

ಏಕಾಂತಯ್ಯನವರು ಕೈಮುಗಿದರು. "ನಿಮ್ದೇ, ತಾಯಿ."

"ನಮ್ದಾ? ಹೋದೋರ್ ಯಾರು?"

"ಅದೂ ನೀವೇ."

ಅತ್ತೆ ಸಾರಿನ ಪಾತ್ರೆಯನ್ನು ನನ್ನ ಕೈಗಿತ್ತರು. "ಸರಿ, ಆರೋಕ್ ಮುಂಚೆ ಬಡಿಸು. ನಂಗೂ ಹಸಿವು."

ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ, ನಕ್ಕೆ, ಸಾರೂ ಚೆಲ್ಲಿದೆ. ಆಮೇಲೆ ನೋಡಿದರೆ ಬಂದ ಹೆಂಗಸರೆಲ್ಲರ ಸೆರಗಿನ ಮರೆಯಲ್ಲೂ ಒಂದೊಂದು ಪಾತ್ರೆ! ನಾನೊಬ್ಬಳು ರಜಾ ಹಾಕಿದ್ದಕ್ಕೆ ಬೀದಿಯ ಹೆಂಗಸರೆಲ್ಲ ಓವರ್‌ಟೈಮ್ ಮಾಡಿದ್ದರು. ಅಡುಗೆಯಿಲ್ಲದ ಲೋಕದಲ್ಲಿ ಕೂತು ಹೊಟ್ಟೆ ಬಿರಿಯ ಉಂಡೆವು.

ತಾಯಿ ಸಿಕ್ಕಿದ ಖುಷಿಗೆ ರಾಮಾನುಜ ಉದಾರಿಯಾದರು. "ನಾಳೆ ನೀನು ಆರಾಮಾಗಿ ಬರಿ. ರಂಗೋಲಿ ನಾನ್ ಹಾಕ್ತೀನಿ."

ಸ್ತ್ರೀಕುಲದ ದಿಗ್ವಿಜಯ! ಬೆಳಗಾಗುತ್ತಲೇ ಇವರು ಪಂಚೆ ಎತ್ತಿ ಕಟ್ಟಿ, ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಮುರಿದ ಛತ್ರಿಯಂಥದೇನನ್ನೋ ಬರೆದರು. ನಾನು ಒಳಗೆ ಮಹಾರಾಣಿಯಂತೆ ಪೆನ್ನು ಹಿಡಿದಿದ್ದೆ. ಹೊರಗೆ ಏಕಾಂತಯ್ಯನವರ ಗದ್ಗದ ಕಂಠ ಕೇಳಿಸಿತು.

"ಅಮ್ಮ ಉಳ್ಕೊಂಡ್ರಲ್ಲಾ ಅಂತ ನೆಮ್ಮದಿಯಾಗಿ ಮಲಗಿದ್ವಿ ಸ್ವಾಮಿ... ನಿಮ್ಮ ಮನೆಯೋರು ಯಾವಾಗ ಹೋದ್ರು?"

ಬದುಕಿದ್ದೇನೆಂದು ತೋರಿಸಲು ನಾನೇ ಬಾಗಿಲಿಗೆ ಓಡಬೇಕಾಯಿತು, ರಂಗೋಲಿ ಡಬ್ಬಿ ಹಿಡಿದುಕೊಂಡು.